ದಿನಕ್ಕೆ ಎರಡೇ ಮೀನು: ಲಾಂಗ್ ಐಲೆಂಡ್‌ನ ಚಳಿಗಾಲದ ಗಾಳ ಹೇಗೆ ನಿಂತುಹೋಯಿತು?

ನ್ಯೂಯಾರ್ಕ್ ನಗರದ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರದೊಳಗೆ ಉದ್ದಕ್ಕೆ ಚಾಚಿಕೊಂಡಿರುವ ದ್ವೀಪ ಲಾಂಗ್ ಐಲೆಂಡ್. ಅದರ ದಕ್ಷಿಣ ದಡದಲ್ಲಿ, ಮರಳುದಿಣ್ಣೆಗಳ ಹಿಂದೆ, ಆಳವಿಲ್ಲದ ಉಪ್ಪುನೀರಿನ ಕೊಲ್ಲಿಗಳು ಸಾಲಾಗಿವೆ: ಗ್ರೇಟ್ ಸೌತ್ ಬೇ, ಮೊರಿಚಸ್, ಶಿನಕಾಕ್. ಆ ಸಾಲಿನ ಒಂದು ಬಂದರಿನಲ್ಲಿ ಒಂದು ಕುಟುಂಬ ಎರಡು ತಲೆಮಾರಿನಿಂದ ಗಾಳದ ದೋಣಿ ನಡೆಸುತ್ತಿದೆ. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟು ಹತ್ತಿದರೆ ಆಯಿತು. ಕೋಲು, ತಂಗೂಸಿ, ಎರೆ ಎಲ್ಲಾ ದೋಣಿಯವರೇ ಕೊಡುತ್ತಾರೆ. ಹಿಡಿದ ಮೀನು ಹತ್ತಿದವರದ್ದು. ಚಳಿಯ ಕೊನೆಗೆ ಅವರು ಹಿಡಿಸುತ್ತಿದ್ದುದು ವಿಂಟರ್ ಫ್ಲೌಂಡರ್ ಎಂಬ ಮೀನು. ಅದು ಹೇಗೆ ನಿಂತುಹೋಯಿತು ಎಂಬುದೇ ಈ ಬರಹ.

ಆ ಬಂದರು, ದೋಣಿ, ಕುಟುಂಬ ಯಾವುದು ಅಂತ ಗೊತ್ತಾಗುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಮೊದಲು ದೋಣಿ ನಡೆಸಿದವರನ್ನು ತಂದೆ ಎಂದೂ, ಆಮೇಲೆ ಚುಕ್ಕಾಣಿ ಹಿಡಿದವರನ್ನು ಮಗ ಎಂದೂ ಕರೆಯುತ್ತೇನೆ. ಕಾನೂನು, ವರ್ಷ, ಮೀನಿನ ಲೆಕ್ಕ ಮಾತ್ರ ಸಾರ್ವಜನಿಕ ದಾಖಲೆಯಲ್ಲಿ ಇರುವಂಥವು.

ಹಿನ್ನೆಲೆ

ಮೊದಲು ವಿಂಟರ್ ಫ್ಲೌಂಡರ್ ಬಗ್ಗೆ. ನಮ್ಮ ಕರಾವಳಿಯ ನಂಗು ನೋಡಿದವರಿಗೆ ಇದರ ಆಕಾರ ತಕ್ಷಣ ಗೊತ್ತಾಗುತ್ತದೆ: ಚಪ್ಪಟೆ ಮೈ, ಎರಡೂ ಕಣ್ಣು ಒಂದೇ ಕಡೆ. ಮರಿಯಾಗಿದ್ದಾಗ ಎಲ್ಲ ಮೀನುಗಳ ಹಾಗೆ ಕಣ್ಣು ಆ ಕಡೆ ಒಂದು, ಈ ಕಡೆ ಒಂದು ಇರುತ್ತದೆ. ಬೆಳೆಯುತ್ತಾ ಎಡಗಣ್ಣು ತಲೆ ದಾಟಿ ಬಲಕ್ಕೆ ಬರುತ್ತದೆ. ಆಮೇಲೆ ಮೀನು ಎಡಮಗ್ಗುಲಾಗಿ ಕೆಸರಿನ ಮೇಲೆ ಮಲಗಿ ಬದುಕುತ್ತದೆ.

ಇದರ ವರ್ಷ ನಾವು ಊಹಿಸುವುದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ಹೊರಗಿನ ಆಳದ, ತಣ್ಣನೆಯ ನೀರಿಗೆ ಹೋಗುತ್ತದೆ. ಚಳಿ ಶುರುವಾದ ಮೇಲೆ ಕೊಲ್ಲಿಗೆ ವಾಪಸ್ ಬರುತ್ತದೆ. ನೀರು ಹೆಪ್ಪುಗಟ್ಟುವ ಹಂತದಲ್ಲಿದ್ದಾಗ ಮೊಟ್ಟೆ ಇಡುತ್ತದೆ. ಇದರ ರಕ್ತದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಒಂದು ಪ್ರೋಟೀನ್ ಇದೆ, ಅದಕ್ಕೇ ಆ ನೀರಿನಲ್ಲಿ ಬದುಕುತ್ತದೆ. ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಬೇರೆ ಎಷ್ಟೋ ಸಮುದ್ರ ಮೀನುಗಳ ಮೊಟ್ಟೆ ನೀರಿನಲ್ಲಿ ತೇಲಿ ಎಲ್ಲೆಲ್ಲೋ ಹೋಗುತ್ತದೆ. ಇದರ ಮೊಟ್ಟೆ ಹಾಗಲ್ಲ, ಮುಳುಗಿ ತಳಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡ ಮೀನುಗಳೂ ಹೆಚ್ಚಾಗಿ ತಾವು ಬಂದ ಕೊಲ್ಲಿಗೇ ಮರಳುತ್ತವೆ. ಅಂದರೆ ಒಂದು ಕೊಲ್ಲಿಯ ಮೀನು ಬಹುಮಟ್ಟಿಗೆ ಆ ಕೊಲ್ಲಿಯದೇ. ಮುಂದೆ ಆದ ಅನಾಹುತದಲ್ಲಿ ಈ ವಿಷಯಕ್ಕೆ ತುಂಬಾ ತೂಕವಿದೆ.

ಮೊಟ್ಟೆ ಇಡುವ ಕಾಲ ಮುಗಿಯುತ್ತಾ ಬಂದಂತೆ ಹಸಿದ ಮೀನು ಮಾರ್ಚ್‌ನಲ್ಲಿ ತಿನ್ನಲು ಶುರು ಮಾಡುತ್ತದೆ. ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಗಾಳ ಹಾಕುವವರಿಗೆ ವರ್ಷದ ಆರಂಭ ಇದ್ದ ಹಾಗೆ. ಬೇರೆ ಯಾವ ಮೀನೂ ಸಿಗದ ಕಾಲ ಅದು. ಚಳಿಗೆ ಮನೆಯಲ್ಲಿ ಕೂತು ಬೇಜಾರಾದ ಜನ ಟೋಪಿ, ಕೈಗವಸು ಹಾಕಿಕೊಂಡು ಬರುತ್ತಿದ್ದರು. ಬಲೆಚೀಲಕ್ಕೆ ಜಜ್ಜಿದ ಪಚ್ಚಿಲೆ ತುಂಬಿ ತಳಕ್ಕೆ ಬಿಡುವುದು, ಉದ್ದ ಕೋಲಿನಿಂದ ಕೆಸರು ಕಲಕುವುದು, ಡಬ್ಬಿಯ ಜೋಳದ ಕಾಳು ಎರಚುವುದು ಇವೆಲ್ಲ ಮೀನು ಸೇರಿಸುವ ಉಪಾಯಗಳು. ಗಾಳಕ್ಕೆ ಸಮುದ್ರಹುಳುವಿನ ಚೂರು ಸಿಕ್ಕಿಸಿದರೆ ಸಾಕು. ದುಬಾರಿ ಸಾಮಾನು ಬೇಡ, ಕೈಚಳಕ ಬೇಡ, ಮಕ್ಕಳೂ ಹಿಡಿಯಬಹುದು. ಬಾಸ್ಟನ್ ಬಂದರಿನ ಕ್ವಿನ್ಸಿ ಕೊಲ್ಲಿಯಿಂದ ನ್ಯೂಜೆರ್ಸಿಯ ನದಿಗಳವರೆಗೆ ಇದೇ ಹವ್ಯಾಸ ಇತ್ತು. ಎರೆ ಅಂಗಡಿ, ಬಾಡಿಗೆ ದೋಣಿ, ದಡದ ಹೋಟೆಲ್ ಎಲ್ಲಕ್ಕೂ ವರ್ಷದ ಮೊದಲ ಕಾಸು ಈ ಮೀನಿನಿಂದಲೇ.

ಸಮಸ್ಯೆ ಕಂಡದ್ದು ಯಾವಾಗ, ಶುರುವಾದದ್ದು ಯಾವಾಗ

ಬಾಸ್ಟನ್ ಕಡೆಯ ಮೀನನ್ನು ಸರ್ಕಾರ ಬೇರೆಯಾಗಿ ಲೆಕ್ಕ ಹಾಕುತ್ತದೆ. ಈ ದೋಣಿ ಹಿಡಿಯುತ್ತಿದ್ದುದು ಅದರ ದಕ್ಷಿಣದ ಗುಂಪು, ಅಂದರೆ ಅಮೆರಿಕದ ಈಶಾನ್ಯ ಕರಾವಳಿಯ ದಕ್ಷಿಣ ನ್ಯೂ ಇಂಗ್ಲೆಂಡ್ ಮತ್ತು ಮಧ್ಯ ಅಟ್ಲಾಂಟಿಕ್ ಪ್ರದೇಶದ್ದು. ಅದರಲ್ಲಿ ವ್ಯಾಪಾರಿ ದೋಣಿಗಳು 1966ರಲ್ಲಿ ಸುಮಾರು 12,000 ಟನ್ ಹಿಡಿದಿದ್ದವು. ಆಮೇಲೆ ಇಳಿದ ಲೆಕ್ಕ 1981ರಲ್ಲಿ ಮತ್ತೆ ಸುಮಾರು 11,000 ಟನ್‌ಗೆ ಏರಿತು. ಗಾಳದವರ ಹಿಡಿತವೂ ಉತ್ತುಂಗಕ್ಕೆ ಹೋಗಿದ್ದು 1980ರ ದಶಕದ ಮೊದಲ ಭಾಗದಲ್ಲೇ. ಹೊರಗೆ ಟ್ರಾಲರ್, ಒಳಗೆ ಗಾಳ. ಒಂದೇ ಮೀನಿನ ಮೇಲೆ ಎರಡೂ ಕಡೆಯಿಂದ ಗರಿಷ್ಠ ಒತ್ತಡ, ಅದೂ ಒಂದೇ ಕಾಲಕ್ಕೆ.

ಆಗ ದೋಣಿಯಲ್ಲಿ ಬಕೆಟ್ ತುಂಬುವುದು ಮಾಮೂಲು. ಇಷ್ಟೇ ಹಿಡಿಯಬೇಕು ಅಂತ ಹೇಳುವವರು ಇರಲಿಲ್ಲ, ಲೆಕ್ಕ ಇಡುವವರೂ ಇರಲಿಲ್ಲ. ದಶಕದ ಕೊನೆಗೆ ಮೀನು ಕಮ್ಮಿಯಾಗಲು ಶುರುವಾಯಿತು. ತಂದೆ ಅದನ್ನು ಕೆಟ್ಟ ವರ್ಷ ಅಂದುಕೊಂಡರು. ಕಾರಣಗಳು ಕೈಗೆ ಸಿಗುವ ಹಾಗೇ ಇದ್ದವು. 1985ರಿಂದ ಲಾಂಗ್ ಐಲೆಂಡ್ ಕೊಲ್ಲಿಗಳಲ್ಲಿ ಕಂದು ಪಾಚಿ ಎದ್ದು ನೀರೇ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ತಳದ ಹುಲ್ಲು ಸಾಯುತ್ತಿತ್ತು. ನೀರು ತಿಳಿಯಾದರೆ ಮೀನು ಬರುತ್ತದೆ ಎಂಬ ನಂಬಿಕೆ ಇಡೀ ಬಂದರಿಗೆ ಇತ್ತು.

ಅವರು ಮಾಡಿದ್ದು ಯಾವ ದೋಣಿಯವರಾದರೂ ಮಾಡುವುದನ್ನೇ. ಒಂದು ಗಂಟೆ ಜಾಸ್ತಿ ನಿಂತರು. ಪಕ್ಕದ ಕೊಲ್ಲಿಗೆ ಹೋದರು. ಪಚ್ಚಿಲೆ ಜಾಸ್ತಿ ಹಾಕಿದರು. ಮೀನು ಸಿಕ್ಕಿತು ಕೂಡ! ಇಲ್ಲಿ ನಿಂತು ಯೋಚಿಸಬೇಕು. ಈ ಮೀನು ಮೊಟ್ಟೆ ಇಡಲು ಒಂದೇ ಕಡೆ ಗುಂಪಾಗುತ್ತದೆ. ಹತ್ತು ಸಾವಿರ ಇದ್ದಾಗಲೂ ಆ ಕೆಸರಿನ ಕಾಲುವೆಯಲ್ಲೇ ಸೇರುತ್ತದೆ, ಒಂದು ಸಾವಿರಕ್ಕೆ ಇಳಿದಾಗಲೂ ಅಲ್ಲೇ ಸೇರುತ್ತದೆ. ಜಾಗ ಗೊತ್ತಿರುವವನಿಗೆ ಕೊನೆಯವರೆಗೂ ಬಕೆಟ್ ತುಂಬುತ್ತದೆ. ಹಾಗಾಗಿ ಮೀನು ಎಷ್ಟು ಕರಗಿದೆ ಅನ್ನುವುದು ದೋಣಿಯ ಮೇಲಿಂದ ಕಾಣುವುದೇ ಇಲ್ಲ. ತಂದೆಯನ್ನು ದುರಾಸೆಯವರು ಅನ್ನಲು ನನಗೆ ಮನಸ್ಸಿಲ್ಲ. ಅವರ ಕಣ್ಣಿಗೆ ಬಿದ್ದ ಸಾಕ್ಷ್ಯವೇ ತಪ್ಪು ಹೇಳುತ್ತಿತ್ತು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಲಾಂಗ್ ಐಲೆಂಡ್‌ನಲ್ಲಿ ಮೀನು ಮೊಟ್ಟೆ ಇಡಲು ಬಂದ ಕಾಲವೇ ಹಿಡಿಯುವ ಕಾಲವಾಗಿತ್ತು. ಆ ಹವ್ಯಾಸದ ಸಂತೋಷ ಮತ್ತು ಅಪಾಯ ಎರಡೂ ಇದರಲ್ಲೇ ಇತ್ತು.

ಏನೇನು ಮಾಡಿ ನೋಡಿದರು

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ದಡದಿಂದ ಮೂರು ಮೈಲಿವರೆಗಿನ ನೀರು ರಾಜ್ಯದ್ದು, ಅದರಾಚೆ 200 ಮೈಲಿವರೆಗೆ ಕೇಂದ್ರ ಸರ್ಕಾರದ್ದು. ಈ ಮೀನು ಚಳಿಗಾಲದಲ್ಲಿ ರಾಜ್ಯದ ನೀರಿನಲ್ಲಿ, ಬೇಸಿಗೆಯಲ್ಲಿ ಹೆಚ್ಚಾಗಿ ಕೇಂದ್ರದ ನೀರಿನಲ್ಲಿ ಇರುತ್ತದೆ. ಅಟ್ಲಾಂಟಿಕ್ ದಡದ ರಾಜ್ಯಗಳೆಲ್ಲ ಸೇರಿದ ಒಂದು ಆಯೋಗವಿದೆ. ಅದು ವಿಂಟರ್ ಫ್ಲೌಂಡರ್‌ಗೆ ಯೋಜನೆ ಒಪ್ಪಿದ್ದು 1992ರಲ್ಲಿ. ಅಷ್ಟರಲ್ಲಿ ಹೆಚ್ಚಿನ ನಷ್ಟ ಆಗಿಹೋಗಿತ್ತು.

ಆ ಸಮಯದ ಸಾರ್ವಜನಿಕ ಸಭೆಗಳಿಗೆ ತಂದೆ ಹೋಗುತ್ತಿದ್ದರು. ಅವರ ವಾದ ಸರಳ: ನನ್ನ ಗಿರಾಕಿಗಳು ಗಾಳದಲ್ಲಿ ಒಂದೊಂದೇ ಎತ್ತುತ್ತಾರೆ, ಹೊರಗೆ ಟ್ರಾಲರ್ ಒಂದೇ ಎಳೆತಕ್ಕೆ ರಾಶಿ ಎತ್ತುತ್ತದೆ, ಮೊದಲು ಅವರನ್ನು ತಡೆಯಿರಿ. ಟ್ರಾಲರ್‌ನವರ ವಾದ ಅದಕ್ಕೆ ಉಲ್ಟಾ: ಬಸುರಿ ಮೀನನ್ನು ಕೊಲ್ಲಿಯೊಳಗೇ ಹಿಡಿಯುವವರು ನೀವು. ನಾನು ನೋಡುವಂತೆ ಎರಡೂ ವಾದ ನಿಜ. ಎರಡೂ ನಿಜವಾಗಿದ್ದರಿಂದಲೇ ಯಾರೂ ಬಗ್ಗಲಿಲ್ಲ. ಅಳತೆಯ ಮಿತಿ ಬಂತು, ಸಂಖ್ಯೆಯ ಮಿತಿ ಬಂತು, ಆದರೆ ಪ್ರತಿ ಸಲವೂ ದೋಣಿಗಳಿಗೆ ಅಷ್ಟಾಗಿ ನೋಯದಷ್ಟೇ.

2005ರ ತಿದ್ದುಪಡಿಯಲ್ಲಿ ಮಿತಿಗಳು ಬಿಗಿಯಾದವು: 12 ಇಂಚಿಗಿಂತ ಚಿಕ್ಕದು ಬೇಡ, ದಿನಕ್ಕೆ ಹತ್ತು ಮೀನು, ವರ್ಷಕ್ಕೆ 60 ದಿನ. ಮೀನು ಏಳಲಿಲ್ಲ. 2009ರಲ್ಲಿ ಕೇಂದ್ರ ಸರ್ಕಾರ ತನ್ನ ನೀರಿನಲ್ಲಿ ದಕ್ಷಿಣದ ಗುಂಪಿನ ಈ ಮೀನನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಈಗ ಆಯೋಗದ ಮುಂದೆ ಇದ್ದ ಪ್ರಶ್ನೆ: ರಾಜ್ಯದ ನೀರಿನಲ್ಲೂ ಪೂರ್ತಿ ಮುಚ್ಚುವುದಾ? ಮುಚ್ಚಲಿಲ್ಲ. ಗಾಳದವರಿಗೆ ದಿನಕ್ಕೆ ಎರಡು ಮೀನು, ವ್ಯಾಪಾರಿಗಳಿಗೆ ಒಂದು ಸಲಕ್ಕೆ 50 ಪೌಂಡ್ ಅಂತ ಇಟ್ಟರು. ಬೇರೆ ಮೀನು ಹಿಡಿಯುವಾಗ ಅಕಸ್ಮಾತ್ ಸಿಕ್ಕಿದ್ದನ್ನು ಸುಮ್ನೆ ಎಸೆಯುವುದು ಬೇಡ ಎಂಬ ಯೋಚನೆ ಅದು.

ಈ ಪ್ರಕರಣದ ನಿಜವಾದ ತಿರುವು ಇದೇ ಅಂತ ನನಗನ್ನಿಸುತ್ತದೆ. ಎರಡು ಮೀನಿಗಾಗಿ ಯಾರು ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ? ಆ ಹೊತ್ತಿಗೆ ಮಗ ಚುಕ್ಕಾಣಿ ಹಿಡಿದಿದ್ದರು. ಡೀಸೆಲ್, ಎರೆ, ಆಳಿನ ಕೂಲಿ ಎಲ್ಲ ಲೆಕ್ಕ ಹಾಕಿ ಮಾರ್ಚ್‌ನ ಪಯಣಗಳನ್ನು ನಿಲ್ಲಿಸಿದರು. ಬಂದರಿನ ಬೇರೆ ದೋಣಿಗಳೂ ಒಂದೊಂದಾಗಿ ನಿಲ್ಲಿಸಿದವು. ಎರೆ ಅಂಗಡಿ ಏಪ್ರಿಲ್ ಕೊನೆಗೆ ಬಾಗಿಲು ತೆರೆಯುವ ರೂಢಿ ಮಾಡಿಕೊಂಡಿತು.

ಇದರ ಇನ್ನೊಂದು ಪರಿಣಾಮ ಯಾರ ಲೆಕ್ಕದಲ್ಲೂ ಇರಲಿಲ್ಲ. ಹಿಡಿಯುವವರು ಹೋದ ಮೇಲೆ ಕೇಳುವವರೂ ಹೋದರು. ಮೊದಲು ಫ್ಲೌಂಡರ್ ಸಭೆ ಅಂದರೆ ಹಾಲ್ ತುಂಬುತ್ತಿತ್ತು, ಜಗಳ ಆಗುತ್ತಿತ್ತು. ಆಮೇಲೆ ಖಾಲಿ ಕುರ್ಚಿಗಳು. ಇಡೀ ನಿಷೇಧವಾಗಿದ್ದರೆ ಯಾವಾಗ ತೆರೆಯುತ್ತೀರಿ, ಮೀನು ಎಷ್ಟಾಗಿದೆ ಅಂತ ಪ್ರತಿ ವರ್ಷ ಯಾರೋ ಬಂದು ಕೇಳುತ್ತಿದ್ದರು. ಎರಡು ಮೀನಿನ ಮಿತಿ ಮೀನನ್ನು ಪೂರ್ತಿ ಉಳಿಸಲೂ ಇಲ್ಲ, ಅದಕ್ಕಾಗಿ ಹೋರಾಡುವವರನ್ನು ಉಳಿಸಲೂ ಇಲ್ಲ. 2013ರಲ್ಲಿ ಕಾಡ್ (cod) ಎಂಬ ಇನ್ನೊಂದು ಮೀನಿನ ಕೋಟಾ ತೀವ್ರವಾಗಿ ಇಳಿದಾಗ, ಆ ನಷ್ಟ ಸ್ವಲ್ಪ ತುಂಬಲೆಂದು ಕೇಂದ್ರ ಸರ್ಕಾರ ತನ್ನ ನೀರಿನಲ್ಲಿ ವಿಂಟರ್ ಫ್ಲೌಂಡರ್ ಹಿಡಿಯಲು ವ್ಯಾಪಾರಿ ದೋಣಿಗಳಿಗೆ ಮತ್ತೆ ಅವಕಾಶ ಕೊಟ್ಟಿತು. ಮರುವರ್ಷ ಆಯೋಗವೂ ಗಾಳದವರ 60 ದಿನವನ್ನು ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ವಿಸ್ತರಿಸಲು ದಕ್ಷಿಣದ ರಾಜ್ಯಗಳಿಗೆ ಅನುಮತಿ ನೀಡಿತು. ನ್ಯೂಯಾರ್ಕ್ ಮಾತ್ರ 60 ದಿನವನ್ನೇ ಉಳಿಸಿಕೊಂಡಿತು, ಅದು ಒಳ್ಳೆಯ ನಿರ್ಧಾರ.

ಇದರ ಹಿಂದೆ ಇದ್ದ ಲೆಕ್ಕ ಏನು ಗೊತ್ತಾ? 2011ರ ವೈಜ್ಞಾನಿಕ ಪರಿಶೀಲನೆಯ ಪ್ರಕಾರ 2010ರಲ್ಲಿ ಈ ಗುಂಪಿನಲ್ಲಿ ಮೊಟ್ಟೆ ಇಡುವ ಮೀನಿನ ತೂಕ 7,076 ಟನ್. ಇರಬೇಕಾದದ್ದು 43,661 ಟನ್. ಅಂದರೆ ಶೇ. 16. ಅಂಥ ಸ್ಥಿತಿಯಲ್ಲಿ ಬಾಗಿಲು ಅಗಲ ಮಾಡಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಹಿಡಿಯುವುದು ಕಮ್ಮಿಯಾದರೂ ಮೀನು ಯಾಕೆ ಬರಲಿಲ್ಲ

ಇದಕ್ಕೆ ಉತ್ತರ ಹುಡುಕಲು ಪಕ್ಕದ ರಾಜ್ಯಗಳಿಗೆ ಹೋಗಬೇಕು. ಮಸಾಚುಸೆಟ್ಸ್‌ನ ಮೌಂಟ್ ಹೋಪ್ ಕೊಲ್ಲಿಯ ದಡದಲ್ಲಿ ಬ್ರೇಟನ್ ಪಾಯಿಂಟ್ ಎಂಬ ದೊಡ್ಡ ವಿದ್ಯುತ್ ಸ್ಥಾವರ ಇತ್ತು. ಯಂತ್ರ ತಣಿಸಲು ಅದು ದಿನಕ್ಕೆ ಸುಮಾರು ನೂರು ಕೋಟಿ ಗ್ಯಾಲನ್ ಕೊಲ್ಲಿಯ ನೀರು ಎಳೆದು, ಬಿಸಿಯಾಗಿ ವಾಪಸ್ ಬಿಡುತ್ತಿತ್ತು. ನೀರಿನ ಜತೆ ಮೀನಿನ ಮರಿಗಳೂ ಒಳಗೆ ಹೋಗುತ್ತಿದ್ದವು. 1980ರ ದಶಕದ ಮಧ್ಯದಲ್ಲಿ ನೀರಿನ ಬಳಕೆ ಹೆಚ್ಚಾದ ಮೇಲೆ ಅಲ್ಲಿ ಮೀನಿನ ಸಂಖ್ಯೆ ಕುಸಿಯಿತು, ವಿಂಟರ್ ಫ್ಲೌಂಡರ್ ಕೂಡ. ವರ್ಷಗಟ್ಟಲೆ ಜಗ್ಗಾಟ ನಡೆದು 2007ರಲ್ಲಿ ಕಂಪನಿ ಒಪ್ಪಿಕೊಂಡಿತು. ಸುಮಾರು 500 ಅಡಿ ಎತ್ತರದ ಎರಡು ತಣಿಸುವ ಗೋಪುರಗಳು ಎದ್ದವು. ಕೊಲ್ಲಿಯಿಂದ ನೀರು ಎಳೆಯುವುದು ತೀರಾ ಕಮ್ಮಿಯಾಯಿತು. 2017ರಲ್ಲಿ ಸ್ಥಾವರವೇ ಮುಚ್ಚಿತು. 2019ರಲ್ಲಿ ಗೋಪುರಗಳನ್ನೂ ಬೀಳಿಸಿದರು.

ಕಣ್ಣಿಗೆ ಕಾಣುವ ಕಾರಣ ಹೋಯಿತು. ಆದರೂ ವಿಂಟರ್ ಫ್ಲೌಂಡರ್ ಮೊದಲಿನಂತೆ ತಿರುಗಿ ಬರಲಿಲ್ಲ.

ಅದೇ ನೀರಿನ ಪಕ್ಕದ ನರಗ್ಯಾನ್ಸೆಟ್ ಕೊಲ್ಲಿಯಲ್ಲಿ ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು 1959ರಿಂದ ವಾರಕ್ಕೊಮ್ಮೆ ಬಲೆ ಎಳೆದು ಲೆಕ್ಕ ಇಡುತ್ತಿದ್ದಾರೆ. ಅಲ್ಲಿನ ನೀರು ಈಚಿನ ದಶಕಗಳಲ್ಲಿ ಬೆಚ್ಚಗಾಗಿದೆ, ಚಳಿಗಾಲದಲ್ಲೂ. ಅದು ಈ ಮೀನಿಗೆ ಹೇಗೆ ಕುತ್ತಾಗುತ್ತದೆ ಎಂಬುದು ಕುತೂಹಲದ ವಿಷಯ. ಕೊಲ್ಲಿಯ ತಳದಲ್ಲಿ ಮರಳು ಸೀಗಡಿ ಇದೆ. ಅದು ಫ್ಲೌಂಡರ್ ಮೊಟ್ಟೆಯನ್ನೂ ಉಗುರಿನಷ್ಟಿರುವ ಮರಿಯನ್ನೂ ತಿನ್ನುತ್ತದೆ. ಗಡಗಡ ನಡುಗುವ ಚಳಿ ಇದ್ದ ಕಾಲದಲ್ಲಿ ಸೀಗಡಿ ಮಂಕಾಗಿ ಬಿದ್ದಿರುತ್ತಿತ್ತು. ಅದು ಚುರುಕಾಗುವಷ್ಟರಲ್ಲಿ ಮರಿಗಳು ಬೆಳೆದು ಬಾಯಿಗೆ ಸಿಗದಷ್ಟು ದೊಡ್ಡದಾಗುತ್ತಿದ್ದವು. ಈಗ ಚಳಿಗಾಲದಲ್ಲೂ ಸೀಗಡಿ ಓಡಾಡುತ್ತದೆ. ಚಳಿಗೆ ಹೊಂದಿಕೊಂಡ ಮೀನಿಗೆ ಚಳಿಯೇ ಬೇಲಿಯಾಗಿತ್ತು, ಆ ಬೇಲಿ ಬಿತ್ತು. ಇದಕ್ಕೆ ನೀರುಕಾಗೆ, ಸೀಲ್, ಪಟ್ಟೆ ಬಾಸ್ ಮೀನುಗಳನ್ನೂ ಸೇರಿಸಿಕೊಳ್ಳಿ. ಬಂದರಿನ ಜನ ನೀರುಕಾಗೆಯನ್ನು ಬೈದಷ್ಟು ಸೀಗಡಿಯನ್ನು ಯಾವತ್ತೂ ಬೈದಿಲ್ಲ.

ಲಾಂಗ್ ಐಲೆಂಡ್‌ಗೇ ಸೇರಿದ ಇನ್ನೊಂದು ಶೋಧ ಇದಕ್ಕಿಂತ ಆತಂಕದ್ದು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲ್ಲಿನ ಕೊಲ್ಲಿಗಳ ಮರಿಗಳ ಡಿಎನ್‌ಎ ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೊಂದು ಕೊಲ್ಲಿಯಲ್ಲೂ ಸಂತಾನಕ್ಕೆ ಪಾಲು ಕೊಡುತ್ತಿರುವ ತಾಯಿ-ತಂದೆ ಮೀನುಗಳ ಸಂಖ್ಯೆ, ಡಿಎನ್‌ಎಯಿಂದ ಅಂದಾಜು ಮಾಡಿದಂತೆ, 500ಕ್ಕಿಂತ ಕಮ್ಮಿ. ಹತ್ತಿರದ ಸಂಬಂಧಿಗಳೇ ಕೂಡಿ ಹುಟ್ಟಿದ ಮರಿಗಳು ಜಾಸ್ತಿ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಹಿಡಿಯುತ್ತಿದ್ದ ಮೀನಿನ ಕಥೆ ಇದು. ಶಿನಕಾಕ್ ಕೊಲ್ಲಿಯಲ್ಲಿ ಮೀನಿಗೆ ಸದ್ದು ಮಾಡುವ ಟ್ಯಾಗ್ ಕಟ್ಟಿ ನೋಡಿದಾಗ ಇನ್ನೊಂದು ವಿಷಯವೂ ಗೊತ್ತಾಗಿತ್ತು. ಕೆಲವು ಮೀನು ಬೇಸಿಗೆಯಲ್ಲಿ ಹೊರಗೆ ಹೋಗುವುದೇ ಇಲ್ಲ, ಕೊಲ್ಲಿಯಲ್ಲೇ ಉಳಿಯುತ್ತವೆ. ಅಂಥವು ಗಾಳಕ್ಕೂ, ಬೆಚ್ಚಗಿನ ನೀರಿಗೂ ಇಡೀ ವರ್ಷ ಸಿಕ್ಕಿಬಿದ್ದ ಹಾಗೆ.

ಇಲ್ಲಿಗೆ ಬಂದಾಗ ಮೊದಲ ಹೆಜ್ಜೆಯ ದೋಷ ಕಾಣುತ್ತದೆ. ಕೊಲ್ಲಿಗೊಂದು ಗುಂಪಿದ್ದ ಮೀನನ್ನು ಹಲವು ರಾಜ್ಯಗಳ ಒಂದೇ ರಾಶಿ ಅಂತ ಎಣಿಸಿದರು. ರಾಶಿಯ ಲೆಕ್ಕದಲ್ಲಿ ಮೀನು ಇನ್ನೂ ಇದೆ ಅನ್ನಿಸಬಹುದು. ಅದೇ ಹೊತ್ತಿನಲ್ಲಿ ಒಂದು ಕೊಲ್ಲಿ ಪೂರ್ತಿ ಖಾಲಿಯಾಗಿರಬಹುದು. ಖಾಲಿಯಾದ ಕೊಲ್ಲಿಗೆ ಬೇರೆ ಕಡೆಯಿಂದ ಮೀನು ಬಂದು ತುಂಬುವುದು ಕಷ್ಟ, ಏಕೆಂದರೆ ಮೊಟ್ಟೆ ತೇಲುವುದಿಲ್ಲ, ದೊಡ್ಡದು ಬೇರೆ ಮನೆ ಹುಡುಕುವುದೂ ಕಮ್ಮಿ.

ಹಾಗಾದರೆ ನೀರು ಬಿಸಿಯಾದದ್ದೇ ಕಾರಣ, ಮಿತಿ ಹಾಕಿ ಏನೂ ಪ್ರಯೋಜನ ಇರಲಿಲ್ಲ ಅನ್ನಬಹುದಾ? ಬಹಳ ಜನ ಹಾಗೇ ಅನ್ನುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ನೀರಿನ ಬಿಸಿ ಮೀನುಗಾರರ ಕೈಯಲ್ಲಿ ಇರಲಿಲ್ಲ, ನಿಜ. ಆದರೆ ಮರಿ ಬದುಕುವುದು ಕಷ್ಟವಾದ ಕಾಲದಲ್ಲಿ ಮೊಟ್ಟೆ ಇಡುವ ಪ್ರತಿ ಮೀನಿನ ಬೆಲೆ ಹೆಚ್ಚುತ್ತದೆ. 1980ರ ದಶಕದಲ್ಲೇ ಮಾರ್ಚ್‌ವರೆಗೆ ಕೊಲ್ಲಿ ಮುಚ್ಚಿ, ದಿನಕ್ಕೆ ಹತ್ತು ಮೀನು ಅಂತ ಇಟ್ಟಿದ್ದರೆ ಯಾರ ಹೊಟ್ಟೆಗೂ ಪೆಟ್ಟಾಗುತ್ತಿರಲಿಲ್ಲ. ಆಗ ಹತ್ತು ಮೀನಿಗೆ ಜನ ದೋಣಿ ಹತ್ತುತ್ತಿದ್ದರು. ಬಿಸಿಯ ಹೊಡೆತ ಬಂದಾಗ ಕೊಲ್ಲಿಗಳಲ್ಲಿ ಇನ್ನೂ ಹೆಚ್ಚು ತಾಯಿಮೀನು ಇರುತ್ತಿದ್ದವು. ಮೊದಲಿನಷ್ಟು ಸಮೃದ್ಧಿ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಸಣ್ಣದೊಂದು ಹವ್ಯಾಸವಾದರೂ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು.

ಅಳತೆಗೋಲೇ ಬದಲಾದಾಗ

2022ರಲ್ಲಿ ಮತ್ತೊಂದು ಪರಿಶೀಲನೆ ಆಯಿತು. ಹಳೇ ಕಾಲದಷ್ಟು ಮರಿಗಳು ಇನ್ನು ಹುಟ್ಟುವುದಿಲ್ಲ, ಹಾಗಾಗಿ ಈಚಿನ ವರ್ಷಗಳ ಮರಿ ಲೆಕ್ಕವನ್ನಷ್ಟೇ ಹಿಡಿದು ಗುರಿ ಹಾಕಬೇಕು ಅಂತ ವಿಜ್ಞಾನಿಗಳು ತೀರ್ಮಾನಿಸಿದರು. ಹೊಸ ಗುರಿ ಸುಮಾರು 3,300 ಟನ್‌ಗೆ ಇಳಿಯಿತು. ಇದ್ದ ಮೀನೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಅತಿಯಾಗಿ ಬರಿದಾದ ಮೀನು ಎಂಬ ಹಣೆಪಟ್ಟಿ ಹೋಯಿತು. 7,000 ಟನ್ ಇದ್ದಾಗ ಶೇ. 16 ಅನ್ನಿಸಿದ್ದು, ಅದರ ಅರ್ಧಕ್ಕೂ ಇಳಿದಾಗ ಗುರಿ ಮುಟ್ಟಿದಂತಾಯಿತು.

ವಿಜ್ಞಾನಿಗಳ ತರ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಬದಲಾದ ಸಮುದ್ರಕ್ಕೆ ಹಳೇ ಗುರಿ ಇಟ್ಟು ಪ್ರತಿ ವರ್ಷ ಫೇಲ್ ಅನ್ನುವುದರಲ್ಲಿ ಅರ್ಥವಿಲ್ಲ. ಆದರೆ ಹಣೆಪಟ್ಟಿ ತೆಗೆಯುವುದಕ್ಕೂ ಮೀನು ಹಿಂದಿರುಗುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಅಷ್ಟೇ ಜೋರಾಗಿ ಹೇಳಬೇಕಿತ್ತು. ಪಟ್ಟಿ ನೋಡಿದ ಹೊಸಬನಿಗೆ ಎಲ್ಲಾ ಸರಿಹೋಗಿದೆ ಅನ್ನಿಸುತ್ತದೆ. ಬಂದರಿನ ಹಿರಿಯರು ಹೋದ ಮೇಲೆ ಹಾಗಲ್ಲ ಅನ್ನುವವರು ಯಾರು?

ಬೇರೆಯವರು ಈ ಪ್ರಕರಣದಿಂದ ಒಂದನ್ನು ಎತ್ತಿಕೊಳ್ಳುವುದಾದರೆ, ಗುರಿ ಬದಲಿಸುವಾಗ ಹಳೇ ಅಂಕಿಯನ್ನೂ ಪಕ್ಕದಲ್ಲೇ ಬರೆದಿಡಿ ಅನ್ನುತ್ತೇನೆ. ಮೀನಿಗೆ ಮಾತ್ರವಲ್ಲ, ಕೆರೆಗೂ, ಕಾಡಿಗೂ ಇದು ಸಲ್ಲುತ್ತದೆ.

ಮಗನ ದೋಣಿ ಇನ್ನೂ ನಡೆಯುತ್ತಿದೆ. ಮೇ ತಿಂಗಳಿಂದ ಬೇಸಿಗೆಯ ಫ್ಲೌಂಡರ್ ಎಂಬ ಬೇರೆ ಜಾತಿ, ಸ್ಕಪ್, ಆಮೇಲೆ ಕಪ್ಪು ಸೀ ಬಾಸ್ ಹಿಡಿಸುತ್ತಾರೆ. ಬೆಚ್ಚಗಿನ ನೀರು ಒಗ್ಗುವ ಆ ಮೀನುಗಳಿಂದಲೇ ಈಗ ದೋಣಿಯ ಸಂಪಾದನೆ. ಸೀ ಬಾಸ್ ಮಿತಿಯ ಸಭೆಗಳಿಗೆ ಅವರು ತಪ್ಪದೆ ಹೋಗುತ್ತಾರೆ. ವಿಂಟರ್ ಫ್ಲೌಂಡರ್ ಬಗ್ಗೆ ಅವರ ಬೇಡಿಕೆ ಒಂದೇ: ಕೊಲ್ಲಿಗಳಲ್ಲಿ ಮರಿ ಎಣಿಸುವ ಸಮೀಕ್ಷೆ ನಿಲ್ಲಬಾರದು.

ನನ್ನದು ಇನ್ನೊಂದಿದೆ. ನ್ಯೂಯಾರ್ಕ್‌ನಲ್ಲಿ ಏಪ್ರಿಲ್ 1ರಿಂದ ಮೇ 30ರವರೆಗೆ ದಿನಕ್ಕೆ ಎರಡು ವಿಂಟರ್ ಫ್ಲೌಂಡರ್ ಹಿಡಿಯಲು ಕಾನೂನು ಇಂದಿಗೂ ಬಿಡುತ್ತದೆ. ಅದನ್ನು ನಂಬಿ ಬದುಕುವ ದೋಣಿ ಈಗ ಆ ಬಂದರಿನಲ್ಲಿ ಇಲ್ಲ. ದಕ್ಷಿಣ ದಡದ ಕೊಲ್ಲಿಗಳೊಳಗೆ ಅದನ್ನು ಪೂರ್ತಿ ಮುಚ್ಚಬೇಕು. ಯಾವಾಗ ತೆರೆಯುವುದು ಅನ್ನುವುದನ್ನು ಆಯಾ ಕೊಲ್ಲಿಯ ತಾಯಿಮೀನುಗಳ ಲೆಕ್ಕ ನೋಡಿ ನಿರ್ಧರಿಸಬೇಕು, ಇಡೀ ಕರಾವಳಿಯ ಟನ್ ಲೆಕ್ಕ ನೋಡಿ ಅಲ್ಲ.